ರಾತ್ರಿ ಅಲ್ಲಿ ಯಾರಿದ್ದಾರೆ?

ಕಳೆದ ಬೇಸಿಗೆಯಲ್ಲಿ ತಂಗಿಯ ಬಯಕೆ ಇತ್ತು. ಬಯಕೆ ಅಂದರೆ ಘಟ್ಟದ ಮೇಲಿನವರು ಸೀಮಂತ ಅನ್ನುತ್ತಾರಲ್ಲ, ಅದೇ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು ಹತ್ತಿ, ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಇಳಿದು, ಪುಂಜಾಲಕಟ್ಟೆ ಕಡೆಯ ನಮ್ಮ ಮನೆಗೆ ಮುಟ್ಟುವಾಗ ಅಂಗಳದಲ್ಲಿ ಆಗಲೇ ಚಪ್ಪರ ಎದ್ದಿತ್ತು. ಊಟ ಮುಗಿದು, ಹೆಂಗಸರೆಲ್ಲ ಎಲೆ ಅಡಿಕೆಗೆ ಕೂತ ಹೊತ್ತಿನಲ್ಲಿ ಅಜ್ಜಿ ನನ್ನನ್ನು ಕರೆದು ತಂಗಿಯ ತಾಯಿ ಕಾರ್ಡ್ ಕೈಗೆ ಕೊಟ್ಟರು. "ಇದರಲ್ಲಿ ಎಂತ ಬರೆದಿದ್ದಾರೆ, ಓದು ಮಗಾ."

ಓದಿದೆ. ತೂಕ, ಬಿ.ಪಿ., ಹಿಮೋಗ್ಲೋಬಿನ್, ಸ್ಕ್ಯಾನಿಂಗ್ ಮಾಡಿದ ತಾರೀಕು, ಕೊಟ್ಟ ಕಬ್ಬಿಣದ ಮಾತ್ರೆ ಎಷ್ಟು, ಹೆರಿಗೆಯ ಅಂದಾಜು ದಿನ, ಆಶಾ ಕಾರ್ಯಕರ್ತೆಯ ಫೋನ್ ನಂಬರ್. ಅಜ್ಜಿ ಕೇಳುತ್ತಾ ಕೇಳುತ್ತಾ ಒಮ್ಮೆ ಸುಮ್ಮನಾದರು. ಆಮೇಲೆ, "ನನ್ನ ಅಕ್ಕನಿಗೆ ಇದೆಲ್ಲ ಎಂತದೂ ಇರಲಿಲ್ಲ" ಅಂದರು.

ಅಜ್ಜಿಗೆ ಒಬ್ಬಳು ಅಕ್ಕ ಇದ್ದಳು ಅನ್ನುವುದೇ ನನಗೆ ಅಷ್ಟರ ತನಕ ಗೊತ್ತಿರಲಿಲ್ಲ.

ಅಜ್ಜಿಯ ತವರುಮನೆ ವೇಣೂರಿನ ಆಚೆ. ಅಕ್ಕನಿಗೆ ಅದು ಎರಡನೆಯ ಬಸಿರು. ಆಟಿ ತಿಂಗಳು, ಮಳೆ ಬಿಡದೆ ಹೊಡೆಯುತ್ತಿತ್ತು. ನೋವು ಸುರುವಾಗಿ ಒಂದು ರಾತ್ರಿ ಕಳೆದರೂ ಮಗು ಬರಲಿಲ್ಲ. ಊರಲ್ಲಿ ಹೆರಿಗೆ ಮಾಡಿಸುತ್ತಿದ್ದ ಹೆಂಗಸು ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ದೊಡ್ಡವರು ಇನ್ನೊಂದು ದಿನ ನೋಡುವ ಅಂದರು. ಮರುದಿನ ಸಂಜೆ ಮಗು ಬಂತು, ಆದರೆ ರಕ್ತ ನಿಲ್ಲಲಿಲ್ಲ. ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತುಕೊಂಡು ಹೊರಟರು. ತೋಡಿನ ಸಂಕ ನೀರಲ್ಲಿ ಹೋಗಿತ್ತು. ಸುತ್ತು ಬಳಸಿ ಹೋಗುವಾಗ ದಾರಿಯಲ್ಲೇ ಅಕ್ಕ ಹೋದಳು. ಮಗು ಮೂರು ದಿನ ಇತ್ತಂತೆ.

ಯಾವ ವರ್ಷ ಅಂತ ಕೇಳಿದೆ. "ಭೂಮಸೂದೆ ಬರುವುದಕ್ಕಿಂತ ತುಂಬಾ ಮೊದಲು" ಅಂದರು. ನಮ್ಮಲ್ಲಿ ಹಳಬರು ಕಾಲವನ್ನು ಅಳೆಯುವುದೇ ಹಾಗೆ, ಬೊಳ್ಳದಿಂದ ಮತ್ತು ಭೂಮಸೂದೆಯಿಂದ. ಯಾವ ಪಂಚಾಯತಿನ ಪುಸ್ತಕದಲ್ಲಾದರೂ ಅಕ್ಕನ ಸಾವು ಬರೆದಿದ್ದಾರಾ ಅಂತ ಕೇಳಿದ್ದಕ್ಕೆ ಅಜ್ಜಿ ನಕ್ಕರು.

ನಾನು ಹೊಟ್ಟೆಪಾಡಿಗೆ ಡೇಟಾಬೇಸ್ ನೋಡಿಕೊಳ್ಳುವವ. ನಮ್ಮ ಕೆಲಸದಲ್ಲಿ ಹೊಸ ಹುಡುಗರಿಗೆ ಮೊದಲ ವಾರ ಹೇಳಿಕೊಡುವ ಮಾತೊಂದಿದೆ: ಸೊನ್ನೆ ಬೇರೆ, ಖಾಲಿ ಬೇರೆ. ಸೊನ್ನೆ ಅಂದರೆ ಎಣಿಸಿ ನೋಡಿದೆವು, ಏನೂ ಇರಲಿಲ್ಲ ಅಂತ ಅರ್ಥ. ಖಾಲಿ ಅಂದರೆ ಯಾರೂ ಎಣಿಸಲೇ ಇಲ್ಲ. ಅಜ್ಜಿಯ ಅಕ್ಕ ಆ ಖಾಲಿ ಜಾಗದಲ್ಲಿದ್ದಾಳೆ. ಅಂದು ರಾತ್ರಿ ವಾಪಸ್ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಹೆರಿಗೆಯ ಸಾವುಗಳನ್ನು ಜಗತ್ತಿನಲ್ಲಿ ಮೊದಲು ಎಣಿಸಿದವರು ಯಾರು ಅಂತ ಹುಡುಕುತ್ತಾ ಕೂತೆ. ಆ ಹುಡುಕಾಟದಿಂದ ಹುಟ್ಟಿದ್ದು ಈ ಬರಹ.

ಪಾದ್ರಿಗಳ ಲೆಕ್ಕ

ದೇಶಪೂರ್ತಿ ಎಣಿಸಿದವರಲ್ಲಿ ಮೊದಲಿಗರು ಸ್ವೀಡನ್ನಿನವರು. ಅಲ್ಲಿನ 1686ರ ಚರ್ಚ್ ಕಾನೂನಿನ ಪ್ರಕಾರ ಪ್ರತಿ ಊರಿನ ಪಾದ್ರಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡಬೇಕಿತ್ತು. 1749ರಲ್ಲಿ ಈ ಪುಸ್ತಕಗಳ ಲೆಕ್ಕವನ್ನೆಲ್ಲ ಒಟ್ಟು ಮಾಡುವ ವ್ಯವಸ್ಥೆ ಶುರುವಾಯಿತು. ಆಗ ಫಿನ್ಲೆಂಡ್ ಬೇರೆ ದೇಶವಲ್ಲ, ಸ್ವೀಡನ್ ರಾಜ್ಯದ್ದೇ ಭಾಗ. ಸಾವಿನ ಕಾರಣಗಳ ಪಟ್ಟಿಯಲ್ಲಿ ಹೆರಿಗೆಗೆ ಒಂದು ಪ್ರತ್ಯೇಕ ಸಾಲು ಇತ್ತು.

ಲೆಕ್ಕ ಕೈಗೆ ಬಂದ ಮೇಲೆ, 1751ರಲ್ಲಿ, ಅಲ್ಲಿನ ಅಧಿಕಾರಿಗಳು ಸರಕಾರಕ್ಕೆ ಒಂದು ವರದಿ ಕೊಟ್ಟರು. ಹೆರಿಗೆಯಲ್ಲಿ ಸತ್ತ 651 ಹೆಂಗಸರಲ್ಲಿ ಕನಿಷ್ಠ 400 ಮಂದಿಯನ್ನು, ಸಾಕಷ್ಟು ಸೂಲಗಿತ್ತಿಯರು ಇದ್ದಿದ್ದರೆ, ಉಳಿಸಬಹುದಿತ್ತು ಅನ್ನುವುದು ಅದರ ಸಾರ. ಇದು ಹೇಳಿದ್ದು 1751ರಲ್ಲಿ ಮಾರಾಯ್ರೇ! ಪ್ಲಾಸಿ ಕದನಕ್ಕೆ ಇನ್ನೂ ಆರು ವರ್ಷ ಇತ್ತು. ಸೂಕ್ಷ್ಮಾಣುಗಳಿಂದ ರೋಗ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಕಾಲದಲ್ಲಿ ಅವರು ಹೆಂಗಸರ ಸಾವನ್ನು ಹಣೆಬರಹ ಅನ್ನಲಿಲ್ಲ, ತಪ್ಪಿಸಬಹುದಾಗಿದ್ದ ಸಾವು ಅಂದರು.

ಆಗ ಅಲ್ಲಿ ಒಂದು ಲಕ್ಷ ಹೆರಿಗೆಗೆ ಸುಮಾರು 900 ತಾಯಂದಿರು ಸಾಯುತ್ತಿದ್ದರು. ಸರಕಾರ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಹಳ್ಳಿಗಳಿಗೆ ಕಳಿಸಲು ಶುರು ಮಾಡಿತು. ಫಿನ್ಲೆಂಡಿನ ತುರ್ಕು ಪಟ್ಟಣದಲ್ಲಿ 1816ರಲ್ಲಿ ಸೂಲಗಿತ್ತಿಯರ ಶಾಲೆ ಬಂತು. ಸ್ವೀಡನ್ನಿನಲ್ಲಿ 1829ರಿಂದ ತರಬೇತಾದ ಸೂಲಗಿತ್ತಿ ಕಷ್ಟದ ಹೆರಿಗೆಯಲ್ಲಿ ಇಕ್ಕಳ ಬಳಸಬಹುದು ಅಂತ ಒಪ್ಪಿಗೆ ಸಿಕ್ಕಿತು. ಬೇರೆ ದೇಶಗಳಲ್ಲಿ ಅದು ವೈದ್ಯರ ಕೈಯಲ್ಲಿ ಮಾತ್ರ ಇದ್ದ ಸಲಕರಣೆ. ವೈದ್ಯ ಎಷ್ಟೋ ಮೈಲಿ ಆಚೆ ಇರುವಾಗ ಸೂಲಗಿತ್ತಿಯ ಕೈ ಕಟ್ಟಿಹಾಕಿದರೆ ಸಾಯುವವಳು ಬಾಣಂತಿ ಅಂತ ಅವರಿಗೆ ಅರ್ಥವಾಗಿತ್ತು.

ಆಮೇಲೆ ಕೈ ತೊಳೆಯುವ ಕತೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಒಂದು ವಿಚಿತ್ರ ಗಮನಿಸಿದ. ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುವ ವಾರ್ಡಿನಲ್ಲಿ ಬಾಣಂತಿ ಜ್ವರದ ಸಾವು ತುಂಬ ಹೆಚ್ಚು, ಸೂಲಗಿತ್ತಿಯರ ವಾರ್ಡಿನಲ್ಲಿ ಕಮ್ಮಿ. ವಿದ್ಯಾರ್ಥಿಗಳು ಹೆಣ ಕೊಯ್ಯುವ ಕೋಣೆಯಿಂದ ಸೀದಾ ಬರುತ್ತಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಿದ, ಸಾವು ಇಳಿಯಿತು. ದೊಡ್ಡ ವೈದ್ಯರಿಗೆ ಇದು ಅವಮಾನ ಅನಿಸಿತು, ಅವನನ್ನು ನಂಬಲಿಲ್ಲ. ಮುಂದೆ ಶತಮಾನದ ಕೊನೆಗೆ ಶುಚಿತ್ವದ ನಿಯಮ ಒಪ್ಪಿತವಾದಾಗ ಸ್ವೀಡನ್ನಿನಲ್ಲಿ ಅದು ಬೇಗ ಹಳ್ಳಿಗೆ ಮುಟ್ಟಿತು. ಯಾಕೆಂದರೆ ಮುಟ್ಟಿಸಲು ಹಳ್ಳಿಯಲ್ಲಿ ತರಬೇತಾದ ಒಬ್ಬಳು ಆಗಲೇ ಇದ್ದಳು.

ಇದರ ಫಲ ನೋಡಿ. 20ನೇ ಶತಮಾನದ ಆರಂಭಕ್ಕೆ ಸ್ವೀಡನ್ನಿನ ಲೆಕ್ಕ ಲಕ್ಷಕ್ಕೆ 250ರ ಆಸುಪಾಸಿಗೆ ಬಂದಿತ್ತು. ಅಮೆರಿಕದಲ್ಲಿ 1930ರ ಹೊತ್ತಿಗೂ ಲಕ್ಷಕ್ಕೆ 600ಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಅಮೆರಿಕದವರಲ್ಲಿ ಹಣ ಹೆಚ್ಚಿತ್ತು, ಆಸ್ಪತ್ರೆ ಹೆಚ್ಚಿತ್ತು. ಸ್ವೀಡನ್ನಿನವರಲ್ಲಿ ಪ್ರತಿ ಊರಿಗೂ ಕಲಿತ ಸೂಲಗಿತ್ತಿ ಇದ್ದಳು. 1930ರ ದಶಕದ ಕೊನೆಗೆ ಸಲ್ಫಾ ಮಾತ್ರೆ, ಆಮೇಲೆ ಪೆನ್ಸಿಲಿನ್, ರಕ್ತ ಕೊಡುವ ವ್ಯವಸ್ಥೆ ಬಂದ ಮೇಲೆ ಎಲ್ಲ ಶ್ರೀಮಂತ ದೇಶಗಳಲ್ಲೂ ಸಾವು ಒಮ್ಮೆಲೇ ಕೆಳಗಿಳಿಯಿತು. ಆದರೆ ಮದ್ದು ಬರುವ ಮೊದಲೇ ಸ್ವೀಡನ್ ಮುಕ್ಕಾಲು ದಾರಿ ಸವೆಸಿತ್ತು.

ಫಿನ್ಲೆಂಡಿನ ಪೆಟ್ಟಿಗೆ, ನಮ್ಮ ಮಡಿಲು

"ಅವರೆಲ್ಲ ಶ್ರೀಮಂತರು ಬಿಡು" ಅಂತ ಆಫೀಸಿನಲ್ಲಿ ಗೆಳೆಯನೊಬ್ಬ ಅಂದ. ಫಿನ್ಲೆಂಡ್ ಹಾಗಿರಲಿಲ್ಲ. 1866ರಿಂದ 1868ರ ಬರಗಾಲದಲ್ಲಿ ಅಲ್ಲಿನ ಜನಸಂಖ್ಯೆಯ ಶೇ. 8ರಷ್ಟು ಮಂದಿ ಸತ್ತರು. 1917ರಲ್ಲಿ ಸ್ವಾತಂತ್ರ್ಯ ಬಂದಾಗ ಅದು ಬಡ ರೈತರ ದೇಶ. ಹಳ್ಳಿಯ ಹೆಂಗಸರು ಹೆರುತ್ತಿದ್ದದ್ದು ಸೌನಾದಲ್ಲಿ, ಅಂದರೆ ಅವರ ಬಿಸಿ ಬಚ್ಚಲುಮನೆಯಲ್ಲಿ. ಬೆಚ್ಚಗಿನ ಜಾಗ, ಬಿಸಿನೀರು ಕೈಗೆಟಕುತ್ತದೆ, ಮನೆಯ ಬೇರೆಲ್ಲಾ ಕೋಣೆಗಿಂತ ಚೊಕ್ಕ. ನಮ್ಮಲ್ಲಿ ಬಾಣಂತಿಗೆ ಹಂಡೆ ನೀರು ಕಾಯಿಸಿ ಎರೆಯುವ ಬಚ್ಚಲು ಕೊಟ್ಟಿಗೆ ನೆನಪಾಗಲಿಲ್ಲವಾ?

1922ರಲ್ಲಿ ಅಲ್ಲಿ ಆರ್ವೋ ಉಲ್ಪೋ ಎಂಬ ಮಕ್ಕಳ ವೈದ್ಯರ ಮುಂದಾಳ್ತನದಲ್ಲಿ ತಾಯಿ ಮಗುವಿನ ತಪಾಸಣೆಯ ಉಚಿತ ಕೇಂದ್ರ ತೆರೆಯಿತು. 1944ರ ಕಾನೂನು ಪ್ರತಿ ಸ್ಥಳೀಯಾಡಳಿತವೂ ಅಂಥ ಕೇಂದ್ರ ನಡೆಸಬೇಕು ಅಂದಿತು. ಇದರ ನಡುವೆ 1938ರಲ್ಲಿ ಬಡ ತಾಯಂದಿರಿಗೆ ಒಂದು ಪೆಟ್ಟಿಗೆ ಕೊಡಲು ಶುರು ಮಾಡಿದರು. ಒಳಗೆ ಮಗುವಿನ ಬಟ್ಟೆ, ಹೊದಿಕೆ ಇತ್ಯಾದಿ. ಖಾಲಿ ಪೆಟ್ಟಿಗೆಯಲ್ಲೇ ಮಗುವನ್ನು ಮಲಗಿಸಬಹುದು. 1949ರಲ್ಲಿ ಅದು ಬಡವ ಬಲ್ಲಿದ ಎನ್ನದೆ ಎಲ್ಲ ತಾಯಂದಿರಿಗೂ ಸಿಕ್ಕಿತು. ಒಂದೇ ಷರತ್ತು: ನಾಲ್ಕನೇ ತಿಂಗಳು ಮುಗಿಯುವುದರೊಳಗೆ ತಪಾಸಣೆಗೆ ಬರಬೇಕು. ಅಂದರೆ ಪೆಟ್ಟಿಗೆ ನೆಪ, ತಪಾಸಣೆ ಉದ್ದೇಶ.

ಈಗ ನಮ್ಮಲ್ಲಿಗೆ ಬನ್ನಿ. 2007ರಲ್ಲಿ ಕರ್ನಾಟಕ ಸರಕಾರ 'ಮಡಿಲು' ಅಂತ ಒಂದು ಕಿಟ್ ಕೊಡಲು ಶುರು ಮಾಡಿತು. ಸೊಳ್ಳೆಪರದೆ, ಮಗುವಿನ ಹಾಸಿಗೆ, ಸೋಪು, ಬಟ್ಟೆ. ಬಡ ಕುಟುಂಬದ ತಾಯಿ ಸರಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ಸಿಗುತ್ತಿತ್ತು. ಲೆಕ್ಕಾಚಾರ ಅದೇ: ಕಿಟ್ಟಿನ ಆಸೆಗಾದರೂ ಆಸ್ಪತ್ರೆಗೆ ಬರಲಿ. ನಾನು ಕಾಲೇಜಿನಲ್ಲಿದ್ದಾಗ ಇಂಥ ಕಿಟ್ಟುಗಳನ್ನು ಓಟಿನ ಗಿಮಿಕ್ ಅಂತ ನಾವು ಗೇಲಿ ಮಾಡುತ್ತಿದ್ದೆವು. ಈಗ ನಾಚಿಕೆಯಾಗುತ್ತದೆ.

ಫಿನ್ಲೆಂಡಿಗೂ ನಮ್ಮ ಬೆಳ್ತಂಗಡಿಗೂ ಇನ್ನೊಂದು ನಂಟಿದೆ. ತುರ್ಕುವಿನ ಜಾನಪದ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ಬೆಳ್ತಂಗಡಿ ತಾಲೂಕಿನ ಕೃಷಿಕ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ದಾಖಲಿಸಿದರು. ಜೊತೆಗಿದ್ದವರು ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಫಿನ್ಲೆಂಡಿನಲ್ಲಿ ಅಚ್ಚಾಯಿತು. ಆ ಕತೆಯಲ್ಲಿ ಬಯಕೆಯ ಸೀರೆಯ ಜಗಳ ಬರುತ್ತದೆ, ಗಂಡನನ್ನು ಬಿಟ್ಟು ಹೊರಡುವ ಸಿರಿ ಬರುತ್ತಾಳೆ. ಕೊನೆಗೆ ಅವಳು ಸೊನ್ನೆ ಎಂಬ ಮಗಳನ್ನು ಹೆತ್ತು ಮಾಯ ಸೇರುತ್ತಾಳೆ. ನಮ್ಮ ಪಂಚಾಯತಿನ ಪುಸ್ತಕದಲ್ಲಿ ಬಾಣಂತಿಯರ ಸಾವು ಇಲ್ಲದಿರಬಹುದು, ಪಾಡ್ದನದಲ್ಲಿ ಇದೆ. ಗದ್ದೆಯಲ್ಲಿ ನೇಜಿ ನೆಡುತ್ತಾ ಪಾಡ್ದನ ಹಾಡಿದ ಹೆಂಗಸರಿಗೆ ಆ ಸಾವು ಹೊಸದೇನೂ ಆಗಿರಲಿಕ್ಕಿಲ್ಲ.

ಎರಡು ಲಕ್ಷ

ಅಕ್ಕ ಸತ್ತ ಕಾಲದಲ್ಲಿ ನಮ್ಮ ಸ್ಥಿತಿ ಎಂತ ಇತ್ತು? ಟಿಪ್ಪುವಿನ ಪತನದ ನಂತರ ನಮ್ಮ ಜಿಲ್ಲೆ ಬ್ರಿಟಿಷರ ಕೈಸೇರಿ ಮದ್ರಾಸಿಗೆ ಹೋಯಿತು, 1956ರ ನವೆಂಬರ್ 1ರವರೆಗೆ ಅಲ್ಲೇ ಇತ್ತು. ಮದ್ರಾಸಿನಲ್ಲಿ 1844ರಲ್ಲೇ ಹೆರಿಗೆ ಆಸ್ಪತ್ರೆ ಬಂದಿತ್ತು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಹೋಮಿಯೋಪತಿ ಔಷಧ ಕೊಡುತ್ತಾ ಶುರು ಮಾಡಿದ್ದು ಮುಂದೆ ದೊಡ್ಡ ಆಸ್ಪತ್ರೆಯಾಯಿತು. ಸರಕಾರಿ ಹೆರಿಗೆ ಆಸ್ಪತ್ರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಗೋಶನ್ನರ ಹೆಂಡತಿಯ ಹೆಸರು, ಲೇಡಿಗೋಶನ್. ನಮ್ಮ ಊರಿನ ಅರ್ಧಕ್ಕರ್ಧ ಜನ ಹುಟ್ಟಿದ್ದು ಅಲ್ಲೇ. ಆದರೆ ಇವೆಲ್ಲ ಮಂಗಳೂರಿನ ಮಾತು. ವೇಣೂರಿನ ಆಚೆಯ ತೋಡಿನ ಬದಿಯಲ್ಲಿ ಬಾಣಂತಿಗೆ ರಕ್ತ ಹೋಗುತ್ತಿರುವಾಗ ಕಂಕನಾಡಿಯೂ ಒಂದೇ, ಹೆಲ್ಸಿಂಕಿಯೂ ಒಂದೇ.

1946ರಲ್ಲಿ ಭೋರ್ ಸಮಿತಿಯ ವರದಿ ಬಂತು. ಸಾವಿರ ಹೆರಿಗೆಗೆ 20 ತಾಯಂದಿರ ಸಾವು, ವರ್ಷಕ್ಕೆ ದೇಶದಲ್ಲಿ ಸುಮಾರು ಎರಡು ಲಕ್ಷ ಅಂತ ಅದರ ಅಂದಾಜು. ಲಕ್ಷಕ್ಕೆ 2,000 ಆಯಿತು. 1751ರ ಸ್ವೀಡನ್ನಿಗೆ ಹೋಲಿಸಿದರೆ ದುಪ್ಪಟ್ಟಿಗಿಂತ ಹೆಚ್ಚು. ಅಲ್ಲೂ ಗಮನಿಸಿ, ಅದು ಅಂದಾಜು. ಹೆಸರು ಹಿಡಿದು ಎಣಿಸಿದ್ದಲ್ಲ.

1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು, ನರ್ಸಮ್ಮಂದಿರು ಹಳ್ಳಿಗೆ ಬಂದರು. ಜನನ ಮರಣ ನೋಂದಣಿ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. ಸೂಲಗಿತ್ತಿಯರಿಗೆ ಆಗಾಗ ತರಬೇತಿ ಶಿಬಿರ ನಡೆದವು, ಆದರೆ ಸ್ವೀಡನ್ನಿನ ಹಾಗೆ ಅವರನ್ನು ವ್ಯವಸ್ಥೆಯ ಒಳಗೆ ತಂದು ಸಂಬಳ, ಸಲಕರಣೆ, ಅಧಿಕಾರ ಕೊಡುವ ಕೆಲಸ ಆಗಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಒಂದು ರೂಪಾಯಿ ಸಂಬಳವಿಲ್ಲದೆ. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಕೇಂದ್ರ ಸರಕಾರ ಸೂಲಗಿತ್ತಿ ಸೇವೆಗೆ ಹೊಸ ಮಾರ್ಗಸೂಚಿ ತಂದದ್ದೂ ಅದೇ 2018ರ ಡಿಸೆಂಬರಿನಲ್ಲಿ. ತರಬೇತಾದ ನರ್ಸುಗಳನ್ನೇ ಹೆರಿಗೆಯ ಪರಿಣತರನ್ನಾಗಿ ಮಾಡುವುದು ಅದರ ಗುರಿ. ಸ್ವೀಡನ್ 1751ರಲ್ಲಿ ತಲುಪಿದ ತೀರ್ಮಾನಕ್ಕೆ ನಾವು 267 ವರ್ಷ ತಡವಾಗಿ ಬಂದೆವು.

ನಾವು ಇಳಿದ ಮೆಟ್ಟಿಲು

ಹಾಗಂತ ನಮ್ಮ ಕತೆ ಬರೀ ಸೋಲಲ್ಲ. 1992-93ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 37 ಮಾತ್ರ ಆಸ್ಪತ್ರೆಯಲ್ಲಾಗುತ್ತಿದ್ದವು. 2005-06ಕ್ಕೆ ಅದು ಶೇ. 65, 2019-21ಕ್ಕೆ ಶೇ. 97. ತಾಯಂದಿರ ಸಾವು 2001-03ರಲ್ಲಿ ಲಕ್ಷಕ್ಕೆ 228 ಇತ್ತು. 2007-09ಕ್ಕೆ 178, 2014-16ಕ್ಕೆ 108, 2018-20ಕ್ಕೆ 69. ಸ್ವೀಡನ್ 150 ವರ್ಷದಲ್ಲಿ ಇಳಿದಷ್ಟು ಪಾಲನ್ನು ನಾವು ಇಪ್ಪತ್ತಕ್ಕಿಂತ ಕಮ್ಮಿ ವರ್ಷದಲ್ಲಿ ಇಳಿದಿದ್ದೇವೆ. ಮದ್ದು, ರಕ್ತನಿಧಿ, ಡಾಂಬರು ರಸ್ತೆ ಎಲ್ಲ ಸಿದ್ಧ ಇದ್ದ ಕಾಲದಲ್ಲಿ ಇಳಿದೆವು, ಅದು ಹೌದು. ಆದರೂ ಇಳಿದೆವು.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಮತ್ತು ಆಶಾ ಕಾರ್ಯಕರ್ತೆಯರು ಬಂದರು. 2008ರ ನವೆಂಬರ್ 1ಕ್ಕೆ 108 ಆಂಬ್ಯುಲೆನ್ಸ್ ಶುರುವಾಯಿತು. 2011ರಿಂದ ಸರಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ಹೋಗಿ ಬರುವ ಖರ್ಚು ಎಲ್ಲ ಉಚಿತವಾಯಿತು. ಇವು ಯೋಜನೆಗಳು. ನಮ್ಮ ತಾಲೂಕುಗಳಲ್ಲಿ ಯೋಜನೆಗಿಂತ ಮೊದಲೇ ಬೇರೆ ಕೆಲವು ಆಗಿದ್ದವು. 1974ರ ಭೂಸುಧಾರಣೆಯಲ್ಲಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ಬಂಟ್ವಾಳ, ಬೆಳ್ತಂಗಡಿಯ ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟಿ ವಾರಕ್ಕಿಷ್ಟು ಅಂತ ಸ್ವಂತ ದುಡ್ಡು ನೋಡಿದರು. ಹುಡುಗಿಯರು ಶಾಲೆಗೆ ಹೋದರು. ನನ್ನ ಅಮ್ಮ ನನ್ನನ್ನು ಹೆರಲು ಆಸ್ಪತ್ರೆಗೆ ಹೋದದ್ದು ಬೀಡಿಯ ದುಡ್ಡಿನಲ್ಲಿ. ಯಾರ ಅಪ್ಪಣೆಗೂ ಕಾಯಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ.

ಆ ಅಪ್ಪಣೆಯ ಮಾತು ಮುಖ್ಯ. 1994ರಲ್ಲಿ ಥಡ್ಡಿಯಸ್ ಮತ್ತು ಮೇಯ್ನ್ ಎಂಬ ಇಬ್ಬರು ಸಂಶೋಧಕಿಯರು ತಾಯಂದಿರ ಸಾವನ್ನು ಮೂರು ತಡಗಳಾಗಿ ವಿವರಿಸಿದರು. ಆಸ್ಪತ್ರೆಗೆ ಹೋಗಬೇಕು ಅಂತ ತೀರ್ಮಾನಿಸುವುದರಲ್ಲಿ ತಡ, ಮುಟ್ಟುವುದರಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಅಜ್ಜಿಯ ಅಕ್ಕನಿಗೆ ದೊಡ್ಡವರ "ಇನ್ನೊಂದು ದಿನ ನೋಡುವ" ಮೊದಲ ತಡ, ಹೋದ ಸಂಕ ಎರಡನೆಯದು. ಮೂರನೆಯ ತಡದ ತನಕ ಅವಳು ಬದುಕಿಯೇ ಇರಲಿಲ್ಲ. ಇವತ್ತು ಮೊದಲ ಎರಡು ನಮ್ಮಲ್ಲಿ ಬಹುಪಾಲು ಮುಗಿದಿವೆ. ಉಳಿದಿರುವುದು ಮೂರನೆಯದು.

464

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಅವರಿಗೆ ಏರಿಸಿದ ಡ್ರಿಪ್ಪಿನ ದ್ರವದ ಗುಣಮಟ್ಟದ ಮೇಲೆ ಅನುಮಾನ ಬಂತು. ಇವರು ಯಾರೂ ಮನೆಯಲ್ಲಿ ಹೆತ್ತವರಲ್ಲ. ಎಲ್ಲರೂ ಹೇಳಿದ್ದನ್ನು ಕೇಳಿ ಆಸ್ಪತ್ರೆಗೆ ಬಂದವರು. ಗಲಾಟೆಯಾದ ಮೇಲೆ ಸರಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್ ತನಕದ 464 ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸಿತು. ಶೇ. 70ಕ್ಕಿಂತ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಅಂತ ವರದಿ ಹೇಳಿತು.

ಈ ಸಾಲು ಓದಿದಾಗ ನನಗೆ 1751ರ ಸಾಲು ನೆನಪಾಯಿತು. 651ರಲ್ಲಿ 400. 464ರಲ್ಲಿ ಮುನ್ನೂರಕ್ಕೂ ಹೆಚ್ಚು. ಅವತ್ತು ಅವರಿಗೆ ಪೆನ್ಸಿಲಿನ್ ಇರಲಿಲ್ಲ, ರಕ್ತನಿಧಿ ಇರಲಿಲ್ಲ, ಅರಿವಳಿಕೆ ಇರಲಿಲ್ಲ. ನಮ್ಮಲ್ಲಿ ಎಲ್ಲ ಇದೆ.

ತಲಪಾಡಿ ಗೇಟು ದಾಟಿದರೆ ಕೇರಳ. 2018-20ರಲ್ಲಿ ಅಲ್ಲಿನ ಲೆಕ್ಕ ಲಕ್ಷಕ್ಕೆ 19, ನಮ್ಮದು 69. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಅಲ್ಲಿನ ಪ್ರಸೂತಿ ತಜ್ಞರ ಸಂಘ 2004ರಿಂದ ಒಂದು ಕೆಲಸ ಮಾಡುತ್ತಿದೆ. ತಾಯಿಯೊಬ್ಬಳು ಸತ್ತರೆ ಅವಳ ಹೆಸರು, ಆಸ್ಪತ್ರೆ, ವೈದ್ಯರ ಹೆಸರು ತೆಗೆದು ಕಾಗದಪತ್ರ ಪರಿಶೀಲನೆಗೆ ಹೋಗುತ್ತದೆ. ಯಾರ ತಪ್ಪು ಅಂತ ಅಲ್ಲ, ಎಲ್ಲಿ ತಪ್ಪಿತು ಅಂತ ನೋಡುತ್ತಾರೆ. ನಾವು ಸಾಫ್ಟ್‌ವೇರಿನವರು ಸರ್ವರ್ ಬಿದ್ದರೆ ಮಾಡುತ್ತೇವಲ್ಲ, ಬೈಗುಳವಿಲ್ಲದ ಪೋಸ್ಟ್‌ಮಾರ್ಟಂ, ಅದೇ. ನಮ್ಮ ಕಂಪೆನಿಗಳಲ್ಲಿ ಹತ್ತು ನಿಮಿಷ ಆ್ಯಪ್ ನಿಂತರೆ ಮರುದಿನ ಮೀಟಿಂಗ್ ಇರುತ್ತದೆ. ಕರ್ನಾಟಕದಲ್ಲಿ ಇಷ್ಟು ಗಂಭೀರವಾಗಿ ಕೂತು ನೋಡಲು ಬಳ್ಳಾರಿ ಆಗಬೇಕಾಯಿತು.

ಮತ್ತೆ ಒಂದು ವಿಷಯ, ನಗರದಲ್ಲಿರುವ ನಮ್ಮಂಥವರಿಗೆ. 26 ವಾರದ ಹೆರಿಗೆ ರಜೆ, ಇನ್ಶೂರೆನ್ಸು, ಲಿಫ್ಟು ಇರುವ ಆಸ್ಪತ್ರೆ ಇವೆಲ್ಲ ಇರುವಾಗ ಈ ಸಂಖ್ಯೆಗಳು ಬೇರೆಯವರದ್ದು ಅನಿಸುತ್ತದೆ. ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7 ಮಂದಿಗೆ ರಕ್ತಹೀನತೆ ಇದೆ ಅಂತ 2019-21ರ ಸಮೀಕ್ಷೆ ಹೇಳುತ್ತದೆ. ರಕ್ತ ಕಮ್ಮಿ ಇರುವವಳಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆದುಕೊಳ್ಳಲು ಆಗುವುದಿಲ್ಲ. ನಿಮ್ಮ ಮನೆಗೆಲಸಕ್ಕೆ ಬರುವ ಅಕ್ಕ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನ ಹೆಂಡತಿ ಬಸುರಿಯಾಗಿದ್ದರೆ ತಾಯಿ ಕಾರ್ಡ್ ಮಾಡಿಸಿದ್ದಾರಾ ಕೇಳಿ. ಊರು ಬಿಟ್ಟು ಬಂದವರಿಗೆ ಅದೇ ತಪ್ಪಿಹೋಗುವುದು.

ತಂಗಿಯ ಕಾರ್ಡಿನಲ್ಲೂ ಹಿಮೋಗ್ಲೋಬಿನ್ 9.6 ಅಂತ ಇತ್ತು. ಬಿ.ಎಡ್. ಮಾಡಿದವಳು, ಮೂಡಬಿದಿರೆಯಲ್ಲಿ ಟೀಚರ್. ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ ಅಂತ ಬಿಟ್ಟಿದ್ದಳಂತೆ. ಅಜ್ಜಿಯ ಎದುರಿಗೇ ಅವಳಿಗೆ ಬೈದೆ. ಆಮೇಲೆ ತಿಂದಳು.

ಹೊರಡುವ ಮೊದಲು ಯಾವ ಆಸ್ಪತ್ರೆ ಅಂತ ತೀರ್ಮಾನಿಸಲು ಎಲ್ಲರೂ ಕೂತಿದ್ದೆವು. ಭಾವ ರೂಮಿನ ಬಾಡಿಗೆ ಹೇಳಿದರು. ನಾನು ಮೊಬೈಲಿನಲ್ಲಿ ರೇಟಿಂಗ್ ನೋಡಿ ಹೇಳಿದೆ. ಅಮ್ಮ ಮನೆಯಿಂದ ಎಷ್ಟು ದೂರ ಅಂತ ಕೇಳಿದರು. ಅಜ್ಜಿ ತುಳುವಿನಲ್ಲಿ ಒಂದೇ ಮಾತು ಕೇಳಿದರು.

"ರಾತ್ರೆಡ್ ಅಲ್ಪ ಏರ್ ಉಲ್ಲೆರ್?"

ರಾತ್ರಿ ಅಲ್ಲಿ ಯಾರಿದ್ದಾರೆ? ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಭಾವ ಎದ್ದು ಅಂಗಳಕ್ಕೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದರು.